ರೆಬ್ಮನ್ ಪಾದ್ರಿಯವರೂ ಹಿಮದ ಬೆಟ್ಟವೂ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗಳಲ್ಲಿ ವಾಸಿಸುವ ನಮಗೆ ಬೆಟ್ಟವೆಂಬುದು ಹೊಸದಲ್ಲ. ಮೇಲುಕೋಟೆಯ ಬೆಟ್ಟವನ್ನೂ ಕುಂತಿಬೆಟ್ಟವನ್ನೂ ನಾವು ನೋಡಿದ್ದೇವೆ, ಚಾಮುಂಡಿಬೆಟ್ಟವನ್ನು ಬಲ್ಲೆವು, ಮುತ್ತತ್ತಿಯ ಕಾಡುಗುಡ್ಡಗಳ ನಡುವೆ ಕಾವೇರಿಯು ಹರಿಯುವುದನ್ನು ಕಂಡಿದ್ದೇವೆ. ಮಾಗಿಯ ಕಾಲದ ಬೆಳಗಿನಲ್ಲಿ ಕಬ್ಬಿನ ಗದ್ದೆಗಳ ಮೇಲೆ ಮಂಜು ಕವಿದು, ಹೊತ್ತೇರಿದ ಮೇಲೆ ಕರಗಿಹೋಗುವುದೂ ನಮಗೆ ತಿಳಿದದ್ದೇ. ಆದರೆ ವರುಷವೆಲ್ಲಾ ಕರಗದೆ, ಅರಳೆಯ ರಾಶಿಯಂತೆ ಬೆಳ್ಳಗೆ ಬೆಟ್ಟದ ತಲೆಯ ಮೇಲೆ ಕುಳಿತಿರುವ ಹಿಮವನ್ನು ನಮ್ಮ ಸೀಮೆಯಲ್ಲಿ ಯಾರೂ ಕಂಡದ್ದಿಲ್ಲ. ಹಿಮವೆಂಬ ಮಾತು ನಮ್ಮ ನುಡಿಯಲ್ಲಿ ಉಂಟು. ಆ ವಸ್ತುವು ನಮ್ಮ ನಾಡಿನಲ್ಲಿ ಇಲ್ಲ. ಹೀಗಿರಲಾಗಿ, ಒಬ್ಬ ಮನುಷ್ಯನು ನಮ್ಮ ಊರಿನ ಜಗಲಿಗೆ ಬಂದು, ನಮ್ಮ ದೇಶಕ್ಕಿಂತಲೂ ಹೆಚ್ಚು ಬಿಸಿಲು ಸುಡುವ ದೇಶದಲ್ಲಿ ಹಿಮದ ಬೆಟ್ಟವೊಂದನ್ನು ಕಂಡೆನೆಂದು ಹೇಳಿದರೆ, ನಮ್ಮಲ್ಲಿ ಎಷ್ಟು ಮಂದಿ ನಂಬುವರು? ನಗುವವರೇ ಹೆಚ್ಚಾಗಿರುವರು.

ಹಾಗೆ ನಗೆಗೆ ಗುರಿಯಾದ ಒಬ್ಬ ಸೇವಕರ ಚರಿತ್ರೆಯನ್ನು ಈ ತಿಂಗಳು ನಮ್ಮ ಸಭೆಗಳವರಿಗೆ ತಿಳಿಸಲು ಅಪೇಕ್ಷಿಸುತ್ತೇವೆ. ಅವರ ಹೆಸರು ಯೋಹಾನ್ನೆಸ್ ರೆಬ್ಮನ್. ಪೂರ್ವ ಆಫ್ರಿಕದ ಕಿಲಿಮಂಜಾರೋ ಬೆಟ್ಟವನ್ನು ಕಣ್ಣಾರೆ ಕಂಡು, ಅದರ ಸಂಗತಿಯನ್ನು ಯೂರೋಪಿನವರಿಗೆ ಮೊದಲು ಬರೆದು ತಿಳಿಸಿದವರು ಇವರೇ. ಬೆಟ್ಟವನ್ನು ಕಾಣಬೇಕೆಂದು ಅವರು ಹೋದವರಲ್ಲ; ಮನುಷ್ಯರನ್ನು ಹುಡುಕುತ್ತಾ ಹೋಗುವಾಗ ಬೆಟ್ಟವು ಅವರ ಕಣ್ಣಿಗೆ ಬಿದ್ದಿತು.

ರೆಬ್ಮನ್‌ರವರು 1820ನೆಯ ಇಸವಿ ಜನವರಿ 16ರಲ್ಲಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಗೆರ್ಲಿಂಗೆನ್ ಎಂಬ ಊರಿನಲ್ಲಿ ಹುಟ್ಟಿದರು. ಅವರ ಮನೆಯವರು ಹೊಲವನ್ನೂ ದ್ರಾಕ್ಷೆಯ ತೋಟವನ್ನೂ ನೋಡಿಕೊಂಡಿದ್ದ ಒಕ್ಕಲಿನವರು. 1839ರಲ್ಲಿ ಅವರು ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ ವಿದ್ಯಾಲಯವನ್ನು ಸೇರಿದರು. ಈ ಬಾಸೆಲ್ ಎಂಬ ಹೆಸರನ್ನು ಕನ್ನಡ ನಾಡಿನ ಕ್ರೈಸ್ತರು ಮರೆಯಲಾರರು. 1834ರಲ್ಲಿ ಮಂಗಳೂರಿಗೆ ಬಂದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ಕಳುಹಿಸಿದ್ದು ಬಾಸೆಲ್ ಮಿಶನ್ನೇ. 1843ರಲ್ಲಿ ಕನ್ನಡದ ಮೊದಲನೆಯ ಸಮಾಚಾರ ಪತ್ರಿಕೆಯನ್ನು ಹೊರಡಿಸಿದ ಮೋಗ್ಲಿಂಗ್‌ರವರೂ, 1853ರಲ್ಲಿ ಬಂದು ದೀರ್ಘಕಾಲ ದುಡಿದು 1894ರಲ್ಲಿ ಕನ್ನಡದ ಮಹಾ ನಿಘಂಟನ್ನು ಲೋಕಕ್ಕೆ ಕೊಟ್ಟ ಕಿಟ್ಟೆಲ್‌ರವರೂ ಅದೇ ಮಿಶನ್ನಿನಿಂದ ಹೊರಟವರು. ಒಂದೇ ಬಾವಿಯ ನೀರು ಒಂದು ಕಾಲುವೆಯಿಂದ ನಮ್ಮ ನಾಡಿಗೂ ಮತ್ತೊಂದು ಕಾಲುವೆಯಿಂದ ಆಫ್ರಿಕಕ್ಕೂ ಹರಿಯಿತೆಂದು ಹೇಳಬಹುದು. ಇಂಗ್ಲೆಂಡಿನ ಚರ್ಚ್ ಮಿಶನೆರಿ ಸೊಸೈಟಿಗೆ ಸೇವಕರು ಬೇಕಾಗಿದ್ದಾಗ ಬಾಸೆಲಿನವರು ತಮ್ಮ ವಿದ್ಯಾರ್ಥಿಗಳನ್ನು ಕೊಡುವ ವಾಡಿಕೆಯಿತ್ತು. ಅದರಂತೆ ರೆಬ್ಮನ್‌ರವರು ಲಂಡನ್ ಪಟ್ಟಣದ ಇಸ್ಲಿಂಗ್ಟನ್ನಿನಲ್ಲಿ ಕಲಿತು, 1845ರಲ್ಲಿ ಪಾದ್ರಿಯಾಗಿ ನೇಮಕವನ್ನು ಹೊಂದಿ, 1846ರ ಜೂನ್ ತಿಂಗಳಲ್ಲಿ ಪೂರ್ವ ಆಫ್ರಿಕದ ಮೊಂಬಾಸ ರೇವಿನಲ್ಲಿ ಇಳಿದರು. ಆಗ ಅವರಿಗೆ 26 ವರುಷ.

ಅಲ್ಲಿ ಅವರನ್ನು ಎದುರುಗೊಂಡವರು ಕ್ರಾಫ್ ಪಾದ್ರಿಯವರು. ಇವರೂ ವುರ್ಟೆಂಬರ್ಗಿನವರೇ, ಬಾಸೆಲಿನಲ್ಲಿ ಕಲಿತವರೇ. ಎರಡು ವರುಷಗಳ ಹಿಂದೆ, 1844ರಲ್ಲಿ, ಕ್ರಾಫ್‌ರವರು ತಮ್ಮ ಹೆಂಡತಿಯನ್ನೂ ಆಗತಾನೇ ಹುಟ್ಟಿದ ಕೂಸನ್ನೂ ಅದೇ ಮೊಂಬಾಸದಲ್ಲಿ ಮಣ್ಣುಮಾಡಿದ್ದರು. ಆ ಗೋರಿಯನ್ನು ಅವರು ಸೋಲಿನ ಗುರುತೆಂದು ಎಣಿಸದೆ, ಕೆಲಸವು ಆರಂಭವಾಯಿತೆಂಬುದಕ್ಕೆ ಗುರುತೆಂದು ಎಣಿಸಿ ತಮ್ಮ ಸಂಘದವರಿಗೆ ಬರೆದರು. 1846ರ ಆಗಸ್ಟ್ ತಿಂಗಳಲ್ಲಿ ಇಬ್ಬರೂ ಒಳನಾಡಿನ ರಬಾಯಿ ಎಂಬ ಗ್ರಾಮಕ್ಕೆ ವಾಸಕ್ಕಾಗಿ ಹೊರಟರು. ಮೊಂಬಾಸದಿಂದ ರಬಾಯಿಗೆ ಹೆಚ್ಚುಕಡಮೆ ಮಂಡ್ಯದಿಂದ ಮದ್ದೂರಿಗೆ ಇರುವಷ್ಟೇ ದೂರ. ಇಬ್ಬರಿಗೂ ಆಗ ಚಳಿಜ್ವರ. ಇದ್ದದ್ದು ಒಂದೇ ಕತ್ತೆ. ಒಬ್ಬರು ಸ್ವಲ್ಪ ದೂರ ಅದನ್ನೇರಿ ಹೋದರೆ, ಮತ್ತೊಬ್ಬರು ನಡುಗುತ್ತಾ ಕಾಲ್ನಡೆಯಾಗಿ ಹೋಗುವರು. ಹಾಗೆ ಸರದಿಯ ಮೇಲೆ ಕುಳಿತು ಅವರು ಆ ಗುಡ್ಡವನ್ನು ಹತ್ತಿದರು. ಪೂರ್ವ ಆಫ್ರಿಕದ ಆ ಭಾಗದಲ್ಲಿ ಮಿಶನ್ ಕೆಲಸವು ಹುಟ್ಟಿದ್ದು ಇಷ್ಟು ಬಡತನದಲ್ಲಿ.

ಆ ಕಾಲದಲ್ಲಿ ಕರಾವಳಿಯು ಜಾಂಜಿಬಾರಿನ ಸುಲ್ತಾನನ ಕೈಕೆಳಗೆ ಇತ್ತು. ಮನುಷ್ಯರನ್ನು ಹಿಡಿದು ಮಾರುವ ದುಷ್ಟ ವ್ಯಾಪಾರವು ಒಳನಾಡನ್ನು ಹಾಳುಮಾಡುತ್ತಿತ್ತು. ದಾಸರನ್ನು ಹಿಡಿಯುವವರ ಭಯದಿಂದಲೂ ಶತ್ರುಗಳ ದಾಳಿಯಿಂದಲೂ ಅನೇಕ ಜನಾಂಗದವರು ಬಯಲನ್ನು ಬಿಟ್ಟು ಬೆಟ್ಟಗಳ ಮೇಲೆಯೇ ಮನೆಮಾಡಿಕೊಂಡಿದ್ದರು. ಆದಕಾರಣ ಜನರನ್ನು ಕಾಣಬೇಕಾದರೆ ಬೆಟ್ಟವನ್ನು ಹತ್ತಲೇಬೇಕಾಗಿತ್ತು. 1847ರ ಅಕ್ಟೋಬರಿನಲ್ಲಿ ರೆಬ್ಮನ್‌ರವರು ತೈತಾ ಸೀಮೆಯ ಕಡಿಯಾರೋ ಬೆಟ್ಟಕ್ಕೆ ಹೋದರು. ಈಗ ಅದಕ್ಕೆ ಕಸಿಗಾವು ಎಂದು ಹೆಸರು. ಇದು ಅವರ ಮೊದಲನೆಯ ಪ್ರಯಾಣ. ಅಲ್ಲಿಂದ ಮುಂದೆ ಪಡುವಲಿಗೆ ಚಾಗ ಎಂಬ ದೇಶವಿದೆಯೆಂದೂ, ಅದು ದೊಡ್ಡದೊಂದು ಬೆಟ್ಟದ ತಪ್ಪಲಿನಲ್ಲಿರುವುದೆಂದೂ ಅವರು ಕೇಳಿದರು.

1848ನೆಯ ಇಸವಿ ಏಪ್ರಿಲ್ 27ರಲ್ಲಿ ಅವರು ರಬಾಯಿಯಿಂದ ಚಾಗಕ್ಕೆ ಹೊರಟರು. ಸಂಗಡ ಬಂದವರು ಬ್ವಾನ ಖೇರಿ ಎಂಬ ಮುಖಂಡನೂ ಕೆಲವು ಮಂದಿ ಹೊರೆಯಾಳುಗಳೂ ಮಾತ್ರವೇ. ಖೇರಿಯು ವ್ಯಾಪಾರದ ತಂಡಗಳನ್ನು ನಡಿಸಿ ಆ ದಾರಿಗಳನ್ನು ಚೆನ್ನಾಗಿ ಬಲ್ಲವನು. ಹೊರಡುವುದಕ್ಕೆ ಮುಂಚೆ ಮೊಂಬಾಸದ ಕೋಟೆಯ ಅಧಿಕಾರಿಯು, ಆ ಬೆಟ್ಟದಲ್ಲಿ ದುರಾತ್ಮಗಳು ತುಂಬಿರುವುದರಿಂದ ಅದನ್ನು ಹತ್ತಬಾರದೆಂದು ಅವರಿಗೆ ಬುದ್ಧಿ ಹೇಳಿದನು. ಹತ್ತಿದವರ ಬಂದೂಕಿನ ಮದ್ದು ಹೊತ್ತಿಕೊಳ್ಳದೆಂದೂ ಕಾಲುಗಳು ಸೆಡೆತುಹೋಗುವವೆಂದೂ ಕರಾವಳಿಯವರು ನಂಬಿದ್ದರು. ರೆಬ್ಮನ್‌ರವರಿಗೆ ಬಂದೂಕಿನ ಚಿಂತೆ ಇರಲಿಲ್ಲ. ಅವರ ಕೈಯಲ್ಲಿದ್ದದ್ದು ಒಂದು ಕೊಡೆ. ದಾರಿಯ ಬಹುಭಾಗವು ನೀರಿಲ್ಲದ ಮುಳ್ಳುಕಾಡು. ಸಿಂಹ, ಆನೆ, ಖಡ್ಗಮೃಗಗಳು ಅಲ್ಲಿ ಸಂಚರಿಸುತ್ತಿದ್ದವು. ಮೊಂಬಾಸದಿಂದ ಕಿಲಿಮಂಜಾರೋ ಬೆಟ್ಟಕ್ಕೆ ನೇರವಾಗಿ ಅಳೆದರೆ ಸುಮಾರು 170 ಮೈಲಿ. ಮಂಡ್ಯದಿಂದ ಮಂಗಳೂರಿಗೆ ಹೆಚ್ಚುಕಡಮೆ ಅಷ್ಟೇ ದೂರ. ಇಷ್ಟು ದೂರವನ್ನು ಅವರು ಕಾಲ್ನಡೆಯಾಗಿ ನಡೆದರು.

ಹೊರಟ ಹದಿನಾಲ್ಕು ದಿನಗಳ ಮೇಲೆ, 1848ರ ಮೇ 11ರ ಬೆಳಿಗ್ಗೆ ಸುಮಾರು ಹತ್ತು ಗಂಟೆಗೆ, ಚಾಗದ ಬೆಟ್ಟಗಳು ಸ್ಪಷ್ಟವಾಗಿ ಕಾಣಿಸಿದವು. ಅವುಗಳಲ್ಲಿ ಒಂದರ ತಲೆಯ ಮೇಲೆ ಬೆಳ್ಳಗೆ ಹೊಳೆಯುವುದೇನೋ ಕಂಡುಬಂದಿತು. ಮೊದಲು ಅದನ್ನು ಮೋಡವೆಂದು ಭಾವಿಸಿದರು. ದಾರಿ ತೋರಿಸುವವನನ್ನು ಕೇಳಲಾಗಿ, ಅವನು ಅದನ್ನು ಚಳಿ ಎಂದು ಮಾತ್ರ ಹೇಳಿದನು. ನೋಡಿರಿ, ಅವನ ನುಡಿಯಲ್ಲಿ ಆ ವಸ್ತುವಿಗೆ ಹೆಸರಿರಲಿಲ್ಲ. ಅದರ ಗುಣಕ್ಕೆ ಮಾತ್ರ ಹೆಸರಿತ್ತು. ಆದರೆ ರೆಬ್ಮನ್‌ರವರು ಹಿಮ ಬೀಳುವ ದೇಶದಲ್ಲಿ ಹುಟ್ಟಿ ಬೆಳೆದವರು. ಆ ಒಂದು ಮಾತಿನಿಂದಲೇ ಅದು ಹಿಮವೆಂಬುದು ಅವರಿಗೆ ಖಂಡಿತವಾಯಿತು. ಸ್ವಲ್ಪ ಹೊತ್ತಿನ ಮೇಲೆ ಅವರು ದಣಿವಾರಿಸಿಕೊಳ್ಳಲು ಕುಳಿತು, ತಮ್ಮ ದಿನದ ಪಾಠವಾಗಿ ಬಂದಿದ್ದ 111ನೆಯ ಕೀರ್ತನೆಯನ್ನು ಓದಿದರು. ಅದು ದೇವರ ಮಹಾಕಾರ್ಯಗಳನ್ನು ಕುರಿತ ಕೀರ್ತನೆಯೆಂಬುದು ನಮ್ಮ ವಾಚಕರಿಗೆ ಗೊತ್ತಿದೆ.

ಸುಡುವ ದೇಶದಲ್ಲಿ ಹಿಮವು ಹೇಗೆ ನಿಲ್ಲುವುದೆಂದು ಕೆಲವರು ಕೇಳಬಹುದು. ನೆಲದಿಂದ ಮೇಲಕ್ಕೆ ಹೋದಷ್ಟೂ ಗಾಳಿಯು ತಣ್ಣಗಾಗುತ್ತದೆ; ಪ್ರತಿ ಸಾವಿರ ಮೀಟರಿಗೆ ಸುಮಾರು ಆರು ಡಿಗ್ರಿಯಷ್ಟು ಕಾವು ಕಡಮೆಯಾಗುವುದು. ಮಂಡ್ಯವು ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದಲ್ಲಿದೆ. ಚಾಮುಂಡಿಬೆಟ್ಟದ ತುದಿಯು ಸುಮಾರು 3,500 ಅಡಿ. ಕಿಲಿಮಂಜಾರೋ ಬೆಟ್ಟದ ತುದಿಯಾದರೋ 19,340 ಅಡಿ, ಅಂದರೆ 5,895 ಮೀಟರ್. ಚಾಮುಂಡಿಯ ಐದೂವರೆಯಷ್ಟು ಎತ್ತರ. ಆಫ್ರಿಕ ಖಂಡದಲ್ಲೆಲ್ಲಾ ಇದಕ್ಕಿಂತ ಎತ್ತರವಾದ ಬೆಟ್ಟವಿಲ್ಲ. ಭೂಮಧ್ಯರೇಖೆಯಿಂದ ಸುಮಾರು 210 ಮೈಲಿ ದೂರದಲ್ಲಿದ್ದರೂ ಅದರ ತುದಿಯಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿಯಿರುವುದಕ್ಕೆ ಈ ಎತ್ತರವೇ ಕಾರಣ.

ಚಾಗ ದೇಶದ ಕಿಲೇಮ ಎಂಬಲ್ಲಿ ಮಸಾಕಿ ಎಂಬ ಅರಸನು ಅವರನ್ನು ಅಂಗೀಕರಿಸಿದನು. ಆ ದೇಶದ ಪದ್ಧತಿಯಂತೆ ಒಂದು ಆಡನ್ನು ಕೊಯ್ದು, ಅದರ ಹಣೆಯ ತೊಗಲನ್ನು ಉಂಗುರದಂತೆ ಮಾಡಿ ಅತಿಥಿಯ ಬೆರಳಿಗೆ ತೊಡಿಸಿದರು. ಇದು ಸ್ನೇಹದ ಗುರುತು. ರೆಬ್ಮನ್‌ರವರು ತಮ್ಮ ಬರವಿನ ಕಾರಣವನ್ನು ಅರಸನಿಗೆ ತಿಳಿಸಿ, ಜೂನ್ ತಿಂಗಳಲ್ಲಿ ರಬಾಯಿಗೆ ಹಿಂದಿರುಗಿದರು. ಅದೇ ವರುಷ ನವೆಂಬರಿನಲ್ಲಿ ಎರಡನೆಯ ಸಾರಿ ಚಾಗಕ್ಕೆ ಹೋಗಿ, ಬೆಟ್ಟದ ಪಡುವಲ ಕಡೆಯ ಮಚಾಮೆ ಎಂಬ ಸೀಮೆಯ ಅರಸನಾದ ಮಮ್ಕಿಂಗನ ಬಳಿಗೆ ಬಂದರು. ಈ ಸಾರಿ ಬೆಟ್ಟದ ಹತ್ತಿರವೇ ಹಾದುಹೋದದ್ದರಿಂದ, ಬೆಳುದಿಂಗಳಲ್ಲಿಯೂ ಹಿಮವು ಹೊಳೆಯುವುದನ್ನು ಕಂಡರು. ಹಿಂದಿನ ಕಾಲದಲ್ಲಿ ಮಚಾಮೆಯ ಒಬ್ಬ ಅರಸನು ಆ ಬಿಳಿಯ ವಸ್ತುವು ಏನೆಂದು ತಿಳಿಯಲು ಜನರನ್ನು ಕಳುಹಿಸಿದನೆಂದೂ, ಅವರಲ್ಲಿ ಒಬ್ಬನು ಮಾತ್ರ ಕೈಕಾಲುಗಳು ಶೀತದಿಂದ ಕೆಟ್ಟುಹೋದ ಸ್ಥಿತಿಯಲ್ಲಿ ಹಿಂದಿರುಗಿದನೆಂದೂ ಅಲ್ಲಿಯ ಜನರು ಅವರಿಗೆ ಹೇಳಿದರು. ಕರಾವಳಿಯವರು ದುರಾತ್ಮಗಳೆಂದು ಹೆದರಿದ್ದರ ಮೂಲವು ಚಳಿಯೇ ಎಂಬುದು ರೆಬ್ಮನ್‌ರವರಿಗೆ ಆಗ ಗೊತ್ತಾಯಿತು. ಇಲ್ಲಿ ನಾವು ಒಂದು ಮಾತನ್ನು ಮರೆಯಬಾರದು. ಈ ಬೆಟ್ಟವನ್ನು ರೆಬ್ಮನ್‌ರವರು ಕಂಡುಹಿಡಿದರೆಂದು ಪುಸ್ತಕಗಳಲ್ಲಿ ಬರೆಯುವುದುಂಟು. ಚಾಗದವರು ತಲೆತಲಾಂತರದಿಂದ ಅದರ ಮಡಿಲಲ್ಲಿಯೇ ವಾಸಿಸುತ್ತಿದ್ದರು. ಬ್ವಾನ ಖೇರಿಯೂ ಹೊರೆಯಾಳುಗಳೂ ದಾರಿಯನ್ನು ಬಲ್ಲವರಾಗಿದ್ದರು. ಅವರು ಇಲ್ಲದಿದ್ದರೆ ಪಾದ್ರಿಯವರು ಆ ಮುಳ್ಳುಕಾಡನ್ನು ದಾಟುತ್ತಲೇ ಇರಲಿಲ್ಲ.

1849ರ ಏಪ್ರಿಲಿನಲ್ಲಿ ರೆಬ್ಮನ್‌ರವರು ಮೂರನೆಯ ಸಾರಿ ಹೊರಟರು. ಮಚಾಮೆಯನ್ನು ದಾಟಿ ಇನ್ನೂ ಪಡುವಲಿನ ಉನ್ಯಮ್ವೇಜಿ ದೇಶಕ್ಕೆ ಹೋಗಬೇಕೆಂಬುದು ಅವರ ಉದ್ದೇಶ. ಅದಕ್ಕಾಗಿ ಬಟ್ಟೆ ಮಣಿಗಳನ್ನು ಬಹಳವಾಗಿ ಹೊರಿಸಿಕೊಂಡು ಹೋದರು. ಆದರೆ ಮುಂಚೆ ಆದರದಿಂದ ಕಂಡ ಮಮ್ಕಿಂಗನು ಈ ಸಾರಿ ಆ ಸಾಮಾನನ್ನು ದಿನದಿನಕ್ಕೆ ಒಂದಿಷ್ಟರಂತೆ ಕಿತ್ತುಕೊಂಡು, ಕಡೆಗೆ ಏನೂ ಉಳಿಯದಂತೆ ಮಾಡಿದನು. ಮಳೆಗಾಲ; ಮೈಯಲ್ಲಿ ಜ್ವರ, ರಕ್ತಭೇದಿ. ಅವರು ಬರಿಗೈಯಲ್ಲಿ, ಕಣ್ಣೀರಿನೊಡನೆ ರಬಾಯಿಗೆ ಹಿಂದಿರುಗಿದರು. ಮತ್ತೆ ಆ ಬೆಟ್ಟಕ್ಕೆ ಹೋಗಲಿಲ್ಲ.

ಇಷ್ಟರಲ್ಲಿ ಅವರ ಪ್ರಯಾಣದ ವರದಿಯು 1849ರಲ್ಲಿ ಲಂಡನ್ನಿನ ಮಿಶನ್ ಪತ್ರಿಕೆಯಲ್ಲಿ ಅಚ್ಚಾಯಿತು. ಓದಿದ ವಿದ್ವಾಂಸರಲ್ಲಿ ಕೆಲವರು ನಕ್ಕರು. ವಿಲಿಯಂ ಕೂಲಿ ಎಂಬ ಭೂಗೋಳ ಪಂಡಿತರು ಎಲ್ಲರಿಗಿಂತಲೂ ಗಟ್ಟಿಯಾಗಿ ವಿರೋಧಿಸಿದರು. ಅವರು ಆಫ್ರಿಕದ ಒಳನಾಡಿಗೆ ಕಾಲಿಟ್ಟವರಲ್ಲ; ಪುಸ್ತಕಗಳನ್ನೂ ಪ್ರಯಾಣಿಕರ ಮಾತುಗಳನ್ನೂ ಕೂಡಿಸಿ ಲಂಡನ್ನಿನಲ್ಲಿ ಕುಳಿತು ಬರೆಯುವವರು. ರೆಬ್ಮನ್‌ರವರು ಕಂಡದ್ದು ಹಿಮವಲ್ಲ, ಕಣ್ಣಿನ ಭ್ರಮೆ ಎಂಬುದು ಅವರ ವಾದ. 1849ರ ಕಡೆಯಲ್ಲಿ ಕ್ರಾಫ್‌ರವರು ತಾವೂ ಕಿಲಿಮಂಜಾರೋವನ್ನು ದೂರದಿಂದ ಕಂಡು, ಡಿಸೆಂಬರ್ 3ರಲ್ಲಿ ಕೀನ್ಯ ಎಂಬ ಇನ್ನೊಂದು ಹಿಮದ ಬೆಟ್ಟವನ್ನೂ ಕಂಡು ಬರೆದರು. ಹಾಗಾದರೂ ಪಂಡಿತರು ಒಪ್ಪಲಿಲ್ಲ. ಒಬ್ಬರ ಕಣ್ಣು ತಪ್ಪಿತೆಂದವರು ಈಗ ಇಬ್ಬರ ಕಣ್ಣೂ ತಪ್ಪಿತೆಂದರು.

ರೆಬ್ಮನ್‌ರವರು ಏನು ಮಾಡಿದರು? ತಾವು ಕಂಡದ್ದನ್ನು ಕಂಡೆನೆಂದು ಹೇಳಿ, ತಮ್ಮ ಕೆಲಸಕ್ಕೆ ತಿರುಗಿಕೊಂಡರು. ಹನ್ನೆರಡು ಹದಿಮೂರು ವರುಷಗಳು ಹಾಗೆಯೇ ಕಳೆದವು. 1861ರಲ್ಲಿ ಫಾನ್ ಡೆರ್ ಡೆಕ್ಕೆನ್ ಎಂಬ ಜರ್ಮನ್ ಪ್ರಭುವು ಥಾರ್ನ್‌ಟನ್ ಎಂಬ ಭೂಶಾಸ್ತ್ರಜ್ಞರೊಡನೆ ಬೆಟ್ಟಕ್ಕೆ ಹೋಗಿ ಅದನ್ನು ಅಳೆದನು. 1862ರಲ್ಲಿ ಅವನು ಕೆರ್ಸ್ಟೆನ್ ಎಂಬವರೊಡನೆ ಸುಮಾರು 14,000 ಅಡಿಯವರೆಗೆ ಏರಿದಾಗ ಅವರ ಮೈಮೇಲೆಯೇ ಹಿಮವು ಬಿದ್ದಿತು. ಆಗ ಲೋಕವು ಒಪ್ಪಿತು. ರೆಬ್ಮನ್‌ರವರ ಮಾತು ಸತ್ಯವಾಗಿತ್ತು.

ಆದರೂ ಚರಿತ್ರೆಯನ್ನು ನ್ಯಾಯವಾಗಿ ಹೇಳಬೇಕಾದರೆ, ಅವರು ತಪ್ಪಿದ ಸಂಗತಿಯನ್ನೂ ಹೇಳಬೇಕು. ಅವರೂ ಎರ್ಹಾರ್ಟ್ ಎಂಬ ಜೊತೆ ಸೇವಕರೂ ಒಳನಾಡಿನಿಂದ ಬರುವ ವರ್ತಕರನ್ನು ವಿಚಾರಿಸಿ, ಆಫ್ರಿಕದ ನಡುವೆ ಒಂದು ಮಹಾ ಸರೋವರವಿದೆಯೆಂದು ತಿಳಿದು ನಕ್ಷೆಯನ್ನು ಬರೆದರು. 1855ರಿಂದ 1856ರ ಹೊತ್ತಿಗೆ ಅದು ಯೂರೋಪಿನಲ್ಲಿ ಪ್ರಸಿದ್ಧವಾಯಿತು. ನಿಜವಾಗಿ ಅಲ್ಲಿರುವುದು ಒಂದೇ ಸರೋವರವಲ್ಲ. ವಿಕ್ಟೋರಿಯ, ಟಾಂಗನ್ಯೀಕ, ನ್ಯಾಸ ಎಂಬ ಮೂರು ಬೇರೆಬೇರೆ ಸರೋವರಗಳು. ಮೂರು ಊರಿನ ಕೆರೆಗಳ ಸುದ್ದಿಯನ್ನು ಕೇಳಿ ಒಂದೇ ಕೆರೆಯೆಂದು ಎಣಿಸಿದಂತಾಯಿತು. ಆದರೂ ಆ ನಕ್ಷೆಯನ್ನು ನೋಡಿಯೇ ಬರ್ಟನ್, ಸ್ಪೀಕ್ ಎಂಬವರು 1857ರಲ್ಲಿ ಹೊರಟು ನಿಜಸ್ಥಿತಿಯನ್ನು ಅರಿತರು. ಕಣ್ಣಾರೆ ಕಂಡು ಹೇಳಿದ್ದು ನಿಂತಿತು. ಕಿವಿಯಿಂದ ಕೇಳಿ ಹೇಳಿದ್ದು ತಿದ್ದುಪಡಿಯನ್ನು ಹೊಂದಿತು. ಸಾಕ್ಷಿ ಹೇಳುವವರೆಲ್ಲರೂ ಈ ಭೇದವನ್ನು ಮನಸ್ಸಿನಲ್ಲಿಡುವುದು ಒಳ್ಳೇದು.

ಬೆಟ್ಟದ ಪ್ರಯಾಣಗಳು ಮುಗಿದ ಮೇಲೆ ರೆಬ್ಮನ್‌ರವರ ಜೀವಮಾನದಲ್ಲಿ ಇನ್ನೂ ಇಪ್ಪತ್ತಾರು ವರುಷಗಳ ರಬಾಯಿ ವಾಸವು ಉಳಿದಿತ್ತು. ಓದುವವರಿಗೆ ಬೆಟ್ಟದ ಕಥೆಯೇ ರುಚಿಸುವುದು. ಆದರೆ ನಮ್ಮ ಹಳ್ಳಿಯ ಸಭೆಗಳವರಿಗೆ ಈ ಎರಡನೆಯ ಭಾಗವೇ ಹೆಚ್ಚು ಹತ್ತಿರವಾದದ್ದೆಂದು ನಾವು ಎಣಿಸುತ್ತೇವೆ. 1851ರಲ್ಲಿ ಅವರು ಎಮ್ಮಾ ಎಂಬ ವಿಧವೆಯನ್ನು ಕೈರೋ ಪಟ್ಟಣದಲ್ಲಿ ಮದುವೆಯಾಗಿ ರಬಾಯಿಗೆ ಕರತಂದರು. ಅವರಿಗೆ ಹುಟ್ಟಿದ ಕೂಸು ಉಳಿಯಲಿಲ್ಲ. ಕ್ರಾಫ್‌ರವರು 1853ರಲ್ಲಿ ದೇಹಾಲಸ್ಯದಿಂದ ಸ್ವದೇಶಕ್ಕೆ ಹೋದರು. 1855ರಲ್ಲಿ ಎರ್ಹಾರ್ಟರೂ ಹೋದರು. ಗಂಡಹೆಂಡಿರಿಬ್ಬರೇ ಉಳಿದರು. 1866ರಲ್ಲಿ ಎಮ್ಮಾ ಅಮ್ಮನವರೂ ತೀರಿಹೋದರು.

ಸಭೆಯ ಬೆಳವಣಿಗೆಯಾದರೋ ಬಹಳ ನಿಧಾನ. ರಬಾಯಿಯ ಮೊದಲನೆಯ ವಿಶ್ವಾಸಿಯು ಮ್ರಿಂಗೆ ಎಂಬ ಅಂಗಹೀನನಾದ ಬಡವನು. 1851ರಲ್ಲಿ ಮರಣಶಯ್ಯೆಯಲ್ಲಿ ದೀಕ್ಷಾಸ್ನಾನವನ್ನು ಹೊಂದಿದನು. ಆಮೇಲೆ ಸೇರಿದವರು ಬೆರಳುಗಳಲ್ಲಿ ಎಣಿಸುವಷ್ಟು ಮಂದಿ. ಹೊರಗಿನಿಂದ ನೋಡಿದವರು ಇದೇನು ಫಲವೆಂದು ಕೇಳುತ್ತಿದ್ದರು. ರೆಬ್ಮನ್‌ರವರು ಹಠವಾದಿಗಳೆಂದೂ, ಜೊತೆಯವರೊಡನೆ ಹೊಂದಿಕೊಳ್ಳುವುದು ಅವರಿಗೆ ಕಷ್ಟವೆಂದೂ, ನಿಘಂಟುಗಳಲ್ಲಿ ಮುಳುಗಿಹೋದರೆಂದೂ ಹೇಳಿದವರುಂಟು. ಅದರಲ್ಲಿ ಸತ್ಯವೂ ಇತ್ತು. ಒಂಟಿತನವು ದೊಡ್ಡವರನ್ನೂ ಬಾಗಿಸುತ್ತದೆ.

ಆದರೆ ಆ ನಿಘಂಟುಗಳ ಕೆಲಸವು ವ್ಯರ್ಥವಾಗಲಿಲ್ಲ. ರಬಾಯಿಯವರ ನೀಕ ಭಾಷೆಯ ಮಾತುಗಳನ್ನು ಅವರು ಕೂಡಿಸಿದರು. ನ್ಯಾಸ ಸರೋವರದ ಪಡುವಲ ಕಡೆಯಿಂದ ಹಿಡಿದು ತಂದು ಮಾರಲ್ಪಟ್ಟ ಸಲಿಮಿನಿ ಎಂಬ ದಾಸನು ಅವರಿಗೆ ಸಿಕ್ಕಿದನು. ಪಾದ್ರಿಯವರು ಶಿಷ್ಯರಂತೆ ಅವನ ಬಳಿಯಲ್ಲಿ ಕುಳಿತು, ಅವನ ಹುಟ್ಟುನುಡಿಯನ್ನು ಒಂದೊಂದು ಮಾತಾಗಿ ಬರೆದುಕೊಂಡರು. ತಾವು ಎಂದೂ ಕಾಣದ ದೇಶದ ಭಾಷೆಯನ್ನು ಒಬ್ಬ ದಾಸನ ಬಾಯಿಂದ ಕಲಿತು ಮಾಡಿದ ಆ ನಿಘಂಟು, ಅವರು ತೀರಿಹೋದ ಮೇಲೆ 1877ರಲ್ಲಿ ಕ್ರಾಫ್‌ರವರ ಕೈಯಿಂದ ಅಚ್ಚಾಯಿತು. ಕಿಟ್ಟೆಲ್‌ರವರ ನಿಘಂಟನ್ನು ಕೈಯಲ್ಲಿ ಹಿಡಿದಿರುವ ಕನ್ನಡಿಗರು ಇಂಥ ದುಡಿಮೆಯ ಬೆಲೆಯನ್ನು ಬಲ್ಲರು.

ನಮ್ಮ ದೇಶಕ್ಕೂ ರಬಾಯಿಗೂ ಒಂದು ಸಂಬಂಧವುಂಟು. ದಾಸರ ಹಡಗುಗಳಿಂದ ಬಿಡಿಸಲ್ಪಟ್ಟ ಆಫ್ರಿಕದ ಮಕ್ಕಳನ್ನು ಮುಂಬಯಿಗೆ ತಂದು, ನಾಸಿಕದ ಹತ್ತಿರದ ಶರಣಪುರದಲ್ಲಿ ಮಿಶನಿನವರು ಓದು ಬರಹವನ್ನೂ ಕೈಕಸಬನ್ನೂ ಕಲಿಸುತ್ತಿದ್ದರು. ಅವರಲ್ಲಿ ವಿಲಿಯಂ ಜೋನ್ಸ್, ಇಷ್ಮಾಯೇಲ್ ಸೆಮ್ಲರ್ ಮೊದಲಾದವರು 1864ರಲ್ಲಿ ರೆಬ್ಮನ್‌ರವರಿಗೆ ಸಹಾಯಕರಾಗಿ ಹೋದರು. ಭಾರತದ ನೆಲದಲ್ಲಿ ಬೆಳೆದ ಈ ಆಫ್ರಿಕದವರೇ ತರುವಾಯ ಆ ಸಭೆಗೆ ಆಧಾರಸ್ತಂಭಗಳಾದರು.

1873ರಲ್ಲಿ ಮುಂಬಯಿಯ ಹಿಂದಿನ ಗವರ್ನರರಾದ ಬಾರ್ಟಲ್ ಫ್ರೇಯರ್‌ರವರು ದಾಸವ್ಯಾಪಾರವನ್ನು ನಿಲ್ಲಿಸುವ ಕೆಲಸಕ್ಕಾಗಿ ಜಾಂಜಿಬಾರಿಗೆ ಬಂದಾಗ ರಬಾಯಿಯನ್ನೂ ನೋಡಿದರು. ಅಲ್ಲಿ ಅವರು ಕಂಡದ್ದು ಬಹುಮಟ್ಟಿಗೆ ಕಣ್ಣು ಹೋದ, ಮುಪ್ಪಿಗೆ ಮುಂಚೆಯೇ ಮುದುಕರಾದ ರೆಬ್ಮನ್‌ರವರನ್ನು. ಹಿಮವನ್ನು ಕಂಡ ಆ ಕಣ್ಣುಗಳು ಭ್ರಮೆಗೊಂಡವೆಂದು ಹಿಂದೆ ಪಂಡಿತರು ಹೇಳಿದ್ದರು. ಈಗ ನಿಜವಾಗಿಯೇ ಅವು ಕತ್ತಲಾದವು. ಅದೇ ವರುಷ ಜಾಂಜಿಬಾರಿನ ದಾಸರ ಸಂತೆಯು ಮುಚ್ಚಲ್ಪಟ್ಟಿತು. 1875ರಲ್ಲಿ ಹೊಸ ಸೇವಕರು ಬಂದರು. ಆಗ ರೆಬ್ಮನ್‌ರವರು, ಇಪ್ಪತ್ತೊಂಬತ್ತು ವರುಷಗಳಲ್ಲಿ ಒಂದು ಸಾರಿಯೂ ಯೂರೋಪಿಗೆ ಹೋಗದಿದ್ದವರು, ಸ್ವದೇಶಕ್ಕೆ ಹೊರಟರು. ಅವರ ಕೈ ಹಿಡಿದು ನಡಿಸಿದವನು ರಬಾಯಿಯ ವಿಶ್ವಾಸಿಯಾದ ಇಸಾಕ ನ್ಯೊಂಡೊ. ಯಾರಿಗೆ ಬೆಳಕನ್ನು ತೋರಿಸಲು ಪಾದ್ರಿಯವರು ಬಂದಿದ್ದರೋ, ಅವರಲ್ಲಿ ಒಬ್ಬನೇ ಅವರಿಗೆ ಕಣ್ಣಾಗಿ ಸಮುದ್ರವನ್ನು ದಾಟಿಸಿದನು. ಹುಟ್ಟೂರಿನ ಸಮೀಪದ ಕೊರ್ಂಟಾಲ್ ಎಂಬಲ್ಲಿ, ಹಳೆಯ ಸ್ನೇಹಿತರಾದ ಕ್ರಾಫ್‌ರವರ ನೆರೆಯಲ್ಲಿ ವಾಸಮಾಡಿ, 1876ನೆಯ ಅಕ್ಟೋಬರ್ 4ರಲ್ಲಿ ಅವರು ತೀರಿಕೊಂಡರು. ವಯಸ್ಸು 56. ಐದು ವರುಷಗಳ ಮೇಲೆ ಕ್ರಾಫ್‌ರವರೂ ಅಲ್ಲಿಯೇ ವಿಶ್ರಾಂತಿಯನ್ನು ಹೊಂದಿದರು.

ತರುವಾಯದ ಸಂಗತಿಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. 1889ರ ಅಕ್ಟೋಬರ್ 6ರಲ್ಲಿ ಹನ್ಸ್ ಮೈಯರ್, ಪುರ್ಟ್‌ಶೆಲರ್ ಎಂಬವರು ಬೆಟ್ಟದ ತುದಿಯನ್ನು ಮುಟ್ಟಿದರು. 1893ರಲ್ಲಿ ಲೈಪ್ಸಿಗ್ ಮಿಶನಿನ ಸೇವಕರು ಚಾಗ ದೇಶಕ್ಕೆ ಬಂದು ಮೊದಲು ನೆಲೆಸಿದ್ದು ಎಲ್ಲಿ? ಮಮ್ಕಿಂಗನು ರೆಬ್ಮನ್‌ರವರನ್ನು ಸುಲಿದು ಕಳುಹಿಸಿದ ಆ ಮಚಾಮೆಯಲ್ಲಿಯೇ. ಇಂದು ಕಿಲಿಮಂಜಾರೋ ತಪ್ಪಲಿನಲ್ಲಿ ಲೂಥರನ್ ಸಭೆಯು ಬಹಳ ದೊಡ್ಡದಾಗಿ ಬೆಳೆದಿದೆ. ಅಳುತ್ತಾ ಹಿಂದಿರುಗಿದವನ ಹೆಜ್ಜೆಗಳ ಮೇಲೆಯೇ ಬೆಳೆ ಬಂದಿತು; ಬಿತ್ತಿದವನು ಅದನ್ನು ನೋಡಲಿಲ್ಲ.

ಈಗ ಆ ಬೆಟ್ಟವು ಟಾಂಜಾನಿಯ ದೇಶದಲ್ಲಿದೆ. 1973ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನವಾಗಿ ಕಾದಿಟ್ಟರು. 1987ರಲ್ಲಿ ಅದು ಲೋಕದ ಪರಂಪರೆಯ ಸ್ಥಳಗಳಲ್ಲಿ ಒಂದಾಗಿ ಎಣಿಸಲ್ಪಟ್ಟಿತು. ತುದಿಯನ್ನು ಮುಟ್ಟಲು ಹಲವು ದಿನಗಳು ಬೇಕು. ಆದರೆ ಒಂದೇ ದಿನದಲ್ಲಿ ಹೋಗಿಬರುವವರೂ ಅನೇಕರಿದ್ದಾರೆ. ಮರಂಗು ಎಂಬ ಊರಿನ ಮೇಲಣ ಬಾಗಿಲಿನಿಂದ ಬೆಳಿಗ್ಗೆ ಹೊರಟು, ಕಾಡಿನೊಳಗೆ ಐದು ಮೈಲಿಯಷ್ಟು ನಡೆದು, ಸುಮಾರು 8,900 ಅಡಿ ಎತ್ತರದ ಮಂದಾರ ಎಂಬ ತಂಗುಮನೆಯನ್ನು ನೋಡಿ, ಸಂಜೆಗೆ ಇಳಿದುಬರುವರು. ಏರಲಾರದವರು ಊರುಗಳ ನಡುವೆಯೇ ನಡೆಯುವರು. ಅಲ್ಲಿಯವರೇ ಮುಂದೆ ನಡೆದು, ಬಾಳೆಯ ತೋಪುಗಳನ್ನೂ, ಅವುಗಳ ನೆರಳಿನ ಕಾಫಿ ಗಿಡಗಳನ್ನೂ, ಕಬ್ಬಿಣವನ್ನು ಕಾಯಿಸಿ ಬಡಿಯುವ ಕಮ್ಮಾರರನ್ನೂ, ಮಸಾಯಿಗಳ ದಾಳಿಯ ಕಾಲದಲ್ಲಿ ತಮ್ಮ ಹಿರಿಯರು ಅಡಗಿಕೊಳ್ಳಲು ನೆಲದೊಳಗೆ ತೋಡಿದ ಸುರಂಗಗಳನ್ನೂ ತೋರಿಸಿ, ಅದರಿಂದ ಜೀವನ ಮಾಡುತ್ತಾರೆ.

ನಮ್ಮ ಮಂಡ್ಯದವರು ಅಲ್ಲಿಗೆ ಹೋದರೆ ಎಲ್ಲಕ್ಕಿಂತ ಹೆಚ್ಚಾಗಿ ನೋಡಿ ಮೆಚ್ಚುವುದು ಚಾಗದವರ ಕಾಲುವೆಗಳನ್ನೇ ಎಂದು ತೋರುತ್ತದೆ. ಕಾಡಿನ ತೊರೆಗಳಿಂದ ನೀರನ್ನು ಹಿಡಿದು, ಕಡಿದಾದ ಬೆಟ್ಟದ ಮಗ್ಗುಲಲ್ಲಿ ಮೈಲಿಗಟ್ಟಲೆ ತೋಡಿ, ಒಂದೊಂದು ಕುಲದವರು ಕೂಡಿ ಹೂಳೆತ್ತಿ, ಸರದಿಯ ಮೇಲೆ ತೋಟಗಳಿಗೆ ಬಿಡುತ್ತಾರೆ. ಕನ್ನಂಬಾಡಿಯ ಕಟ್ಟೆಯಿಂದ ವಿಶ್ವೇಶ್ವರಯ್ಯ ನಾಲೆಯು ಹುಲಿಕೆರೆಯ ಸುರಂಗವನ್ನು ಹಾದು ಬಂದು ನಮ್ಮ ಗದ್ದೆಗಳನ್ನು ತಣಿಸುವುದನ್ನೂ, ನೀರುಗಂಟಿಯು ತೂಬನ್ನು ತೆಗೆಯುವುದನ್ನೂ ಕಂಡಿರುವ ನಮಗೆ, ಆ ಜನರು ಪರಕೀಯರಾಗಿ ಕಾಣುವರೇ? ಸರದಿ ತಪ್ಪಿದರೆ ಅಲ್ಲಿಯೂ ಜಗಳ. ನ್ಯಾಯವಾಗಿ ಹಂಚಿದರೆ ಅಲ್ಲಿಯೂ ಬೆಳೆ.

ಇನ್ನೊಂದು ಮಾತನ್ನು ದುಃಖದಿಂದ ತಿಳಿಸಬೇಕಾಗಿದೆ. ಬೆಟ್ಟದ ತೆಂಕಣ ಇಳಿಜಾರಿನ ಒಂದು ಹಿಮರಾಶಿಗೆ ರೆಬ್ಮನ್‌ರವರ ಹೆಸರನ್ನೇ ಇಟ್ಟಿದ್ದಾರೆ. ಆದರೆ ಬೆಟ್ಟದ ಹಿಮವು ವರುಷ ವರುಷಕ್ಕೂ ಕಡಮೆಯಾಗುತ್ತಿದೆ. 1912ರಲ್ಲಿ ಸುಮಾರು 12 ಚದರ ಕಿಲೋಮೀಟರಿನಷ್ಟಿದ್ದ ಹಿಮದ ಹಾಸು 2011ರ ಹೊತ್ತಿಗೆ 2 ಚದರ ಕಿಲೋಮೀಟರಿಗಿಂತ ಕಡಮೆಯಾಯಿತು. ಒಂದು ಕಾಲದಲ್ಲಿ ಅಲ್ಲಿ ಹಿಮವಿದೆಯೆಂದರೆ ಜನರು ನಂಬಲಿಲ್ಲ. ಮುಂದೊಂದು ಕಾಲದಲ್ಲಿ ಅಲ್ಲಿ ಹಿಮವಿತ್ತೆಂದರೆ ನಮ್ಮ ಮೊಮ್ಮಕ್ಕಳು ನಂಬದೆ ಇರಬಹುದು. ಆಗಲೂ 1848ರ ಮೇ ತಿಂಗಳ ಆ ಬೆಳಗಿನಲ್ಲಿ ಒಬ್ಬ ಮನುಷ್ಯನು ಕಂಡು ಬರೆದಿಟ್ಟ ಮಾತು ಸಾಕ್ಷಿಯಾಗಿ ನಿಲ್ಲುವುದು.

ಪ್ರಿಯರೇ, ನಮ್ಮ ಹಳ್ಳಿಗಳಲ್ಲಿ ನಾಲ್ಕೈದು ಮನೆಗಳೇ ಇರುವ ಸಭೆಗಳುಂಟು. ಭಾನುವಾರದ ಆರಾಧನೆಗೆ ಹತ್ತು ಮಂದಿ ಕೂಡಿದರೆ ಹೆಚ್ಚು. ಉಪದೇಶಿಯು ವರುಷಗಟ್ಟಲೆ ದುಡಿದರೂ ಪುಸ್ತಕದಲ್ಲಿ ಬರೆಯುವ ಲೆಕ್ಕವು ಏರುವುದಿಲ್ಲ. ಅಂಥವರು ಮನಗುಂದುವಾಗ ರಬಾಯಿಯ ಗುಡ್ಡವನ್ನು ನೆನಸಿಕೊಳ್ಳಲಿ. ಸರದಿಯ ಮೇಲೆ ಕತ್ತೆಯನ್ನೇರಿ ಹತ್ತಿದ ಇಬ್ಬರು ರೋಗಿಗಳು, ಬೆರಳೆಣಿಕೆಯ ವಿಶ್ವಾಸಿಗಳು, ಕಡೆಗೆ ಕುರುಡರಾದ ಒಬ್ಬ ಪಾದ್ರಿ, ಅವರ ಕೈಹಿಡಿದ ಒಬ್ಬ ಇಸಾಕ. ಅಷ್ಟೇ ಆಗ ಕಂಡದ್ದು. ಕಂಡದ್ದನ್ನು ಹೆಚ್ಚಿಸದೆ, ಕುಗ್ಗಿಸದೆ ಹೇಳುವುದೂ, ನಗುವವರು ನಕ್ಕಾಗ ತನ್ನ ಕೆಲಸಕ್ಕೆ ಹಿಂದಿರುಗುವುದೂ ನಮ್ಮ ಪಾಲಿಗೆ ಬಂದದ್ದು. ಮೋಡವು ಸರಿದಾಗ ಬೆಟ್ಟವು ತಾನೇ ಕಾಣಿಸುವುದು.